ಉಗುಳಬಾರದ ಬೆಲ್ಲ

ಹೊಸಪೇಟೆಯ ಬೆಲ್ಲದ ಮಂಡಿಯಲ್ಲಿ ಆ ಕಾಲಕ್ಕೆ ದೊಡ್ಡ ತಕ್ಕಡಿ ಇತ್ತು, ತೂಕದ ಕಲ್ಲುಗಳಿದ್ದವು, ಹಮಾಲರಿದ್ದರು, ಬಾಗಿಲಾಚೆ ಎತ್ತಿನ ಬಂಡಿಗಳ ಸಾಲಿತ್ತು. ಇಷ್ಟೆಲ್ಲ ಇದ್ದರೂ ಹಾಲಸ್ವಾಮಿ ಬರುವವರೆಗೆ ಅಲ್ಲಿ ಒಂದು ಪೆಂಟಿ ಬೆಲ್ಲವೂ ಅಲುಗಾಡುತ್ತಿರಲಿಲ್ಲ. ಅವನ ಬರವು ದೂರದಿಂದಲೇ ತಿಳಿಯುತ್ತಿತ್ತು. ಮೊದಲು ಬಾಗಿಲಲ್ಲಿ ಹೊಟ್ಟೆ ಕಾಣಿಸುತ್ತಿತ್ತು. ಅದು ಒಳಗೆ ಬಂದು ತುಸು ನೆಲೆಯಾದ ಮೇಲೆ, ಹಿಂದಿನಿಂದ ಏದುಸಿರು ಬಿಡುತ್ತ ಹಾಲಸ್ವಾಮಿ ಬರುತ್ತಿದ್ದ.

ಕಸುಬಿನಿಂದ ಅವನು ದಲಾಲಿ. ಆದರೆ ಬಾಯಿಮಾತಿನ ದಲಾಲಿಯಲ್ಲ, ನಾಲಿಗೆಯ ದಲಾಲಿ. ಕಂಪ್ಲಿ, ಕಮಲಾಪುರ, ಹಂಪಿ ಕಡೆ ಕಾಲುವೆ ನೀರು ಕುಡಿದು ಬೆಳೆದ ಕಬ್ಬೆಲ್ಲ ಗಾಣದಲ್ಲಿ ಹಿಂಡಿಸಿಕೊಂಡು, ಕೊಪ್ಪರಿಗೆಯಲ್ಲಿ ಕುದ್ದು, ಅಚ್ಚಿನಲ್ಲಿ ಗಟ್ಟಿಗೊಂಡು ಪೆಂಟಿಯಾಗಿ ಈ ಮಂಡಿಗೆ ಬರಬೇಕು. ರೈತ ಪೆಂಟಿಯ ಮೂಲೆ ಮುರಿದು ಹೆಬ್ಬೆರಳು ಗಾತ್ರದ ತುಂಡನ್ನು ಹಾಲಸ್ವಾಮಿಯ ಅಂಗೈಯಲ್ಲಿಡಬೇಕು. ಅವನು ಅದನ್ನು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ನಾಲಿಗೆಯನ್ನು ಒಂದು ಸುತ್ತು ತಿರುವಿ ನುಂಗಬೇಕು. ನುಂಗಿ "ಒಂದು" ಅಂದರೆ ಮೊದಲ ದರ್ಜೆ. "ಎರಡು" ಅಂದರೆ ಎರಡನೆಯದು. ಮೂರನೆಯ ದರ್ಜೆಗೆ ಮಾತು ಬೇಕಾಗುತ್ತಿರಲಿಲ್ಲ, ಹಾಲಸ್ವಾಮಿ ಉಗುಳುತ್ತಿದ್ದ. ಅವನು ಉಗುಳಿದ ಬೆಲ್ಲವನ್ನು ಕೊಳ್ಳುವವರು ದನ ಸಾಕುವವರು, ಸಾರಾಯಿ ಕಾಸುವವರು. ಅವನಪ್ಪನ ಕಾಲದಿಂದ ಇದೇ ಕಟ್ಟಳೆ. ಅಪ್ಪ ಬಿಟ್ಟುಹೋದ ಆಸ್ತಿ ಎಂದರೆ ಮಂಡಿಯ ಆ ಗಾದಿ, ಈ ನಾಲಿಗೆ.

ಇಡೀ ದಿನ ಇಷ್ಟು ಬೆಲ್ಲ ಒಳಗೆ ಹೋದರೂ ಹಾಲಸ್ವಾಮಿ ಅದನ್ನು ತಿಂದೆನೆಂದು ಎಂದೂ ಒಪ್ಪಿದವನಲ್ಲ. ಸೋಮವಾರ ಒಪ್ಪತ್ತು ಹಿಡಿದಾಗಲೂ ಮಂಡಿಯ ಬೆಲ್ಲ ನಿಲ್ಲುತ್ತಿರಲಿಲ್ಲ. ಹೆಂಡತಿ ಮರುಳಸಿದ್ದಮ್ಮ ಕೇಳಿದರೆ ಉತ್ತರ ತಯಾರಿತ್ತು: "ಅರಿವಿ ಅಂಗಡ್ಯಾಗ ದಿನಾ ಸೀರಿ ಅಳಿಯಾಂವ ಸೀರಿ ಉಟ್ಟಂಗ ಆಗ್ತೈತೇನ? ಅದು ಕೆಲಸ. ಹೊಟ್ಟಿಗೆ ಸಂಬಂಧ ಇಲ್ಲ."

ಹೊಟ್ಟೆಗೆ ಸಂಬಂಧಪಟ್ಟದ್ದು ಬೇರೆಯೇ ಇತ್ತು. ಬೆಳಿಗ್ಗೆ ಚನ್ನಯ್ಯನ ಚಹಾದಂಗಡಿಯಲ್ಲಿ ಮಂಡಕ್ಕಿಗೆ ಒಗ್ಗರಣೆ ಕೊಟ್ಟ ಮಂಡಾಳು, ಜೊತೆಗೆ ಮೆಣಸಿನಕಾಯಿ ಬಜ್ಜಿ. ಬಜ್ಜಿಯ ಖಾರ ಇಳಿಯಲಿಕ್ಕೆ ಚಹಾ, ಚಹಾದ ಬಾಯಿಗೆ ಮತ್ತೆ ಬಜ್ಜಿ. ಮಧ್ಯಾಹ್ನ ಅನ್ನದ ಗುಡ್ಡೆ, ಅದರ ನೆತ್ತಿಯಲ್ಲಿ ತುಪ್ಪದ ಹೊಂಡ. ಯಾರದಾದರೂ ಮದುವೆಗೆ ಹೋದರೆ ಬಡಿಸುವವರು ಅವನ ಎಲೆಯ ಮುಂದೆ ನಿಂತೇಬಿಡುತ್ತಿದ್ದರು. "ಸ್ವಾಮ್ಯಾರು ಒಪ್ಪಿದ ಹೋಳಿಗಿ" ಅನ್ನಿಸಿಕೊಂಡರೆ ಬೀಗರ ಮುಂದೆ ಮರ್ಯಾದೆ. ಒಪ್ಪಲಿಕ್ಕೆ ಒಂದು ಹೋಳಿಗೆ ಎಲ್ಲಿ ಸಾಲುತ್ತದೆ? ಮಂಡಿಯಲ್ಲಂತೂ ಆ ಹೊಟ್ಟೆ ಒಂದು ಜಾಮೀನಿನ ಹಾಗಿತ್ತು. ಸಣಕಲ ದಲಾಲಿ ಬೆಲ್ಲ ಚೆನ್ನಾಗಿದೆ ಅಂದರೆ ಯಾರು ನಂಬುತ್ತಾರೆ? ಇದನ್ನು ಬರೆಯುವವನ ಅಂಗಿಯ ನಡುಗುಂಡಿಯೂ ಊಟವಾದ ಮೇಲೆ ತುಸು ಕಷ್ಟಕ್ಕೆ ಬೀಳುವುದರಿಂದ, ಈ ವಿಷಯದಲ್ಲಿ ಹಾಲಸ್ವಾಮಿಯನ್ನು ನೋಡಿ ಹೆಚ್ಚು ನಗುವ ಅಧಿಕಾರ ಅವನಿಗಿಲ್ಲ.

ಹೀಗಿರುವಾಗ ದೇಹ ಒಂದೊಂದೇ ತಕರಾರು ಹೇಳಲು ಶುರುಮಾಡಿತು. ಜಟಕಾದ ಹಿಂದುಗಡೆ ಕೂತರೆ ಗಾಡಿಯವನು, "ಮುಂದ ಸರೀರಿ ಸ್ವಾಮ್ಯಾರ, ಕುದ್ರಿ ಮ್ಯಾಲ ಏಳಾಕತ್ತೈತಿ" ಎಂದು ಕೂಗುತ್ತಿದ್ದ. ಹಂಪಿಗೆ ಹೋದರೆ ವಿರೂಪಾಕ್ಷನ ದರ್ಶನವೇನೋ ಆಗುತ್ತಿತ್ತು. ಹೇಮಕೂಟದ ಮೇಲಿನ ದೇವರುಗಳಿಗೆಲ್ಲ ಕೆಳಗಿನಿಂದಲೇ ಒಟ್ಟಾಗಿ ಒಂದು ಕೈಮುಗಿತ. ಮಲಗಿದರೆ ಗೊರಕೆಗೆ ಪಕ್ಕದ ಮನೆಯ ಎಮ್ಮೆ ಹಗ್ಗ ಜಗ್ಗುತ್ತಿತ್ತು. ಬಾಯಾರಿಕೆ ಎಂದರೆ, ತಂಬಿಗೆ ಎತ್ತಿದವನು ತಳ ಕಾಣದೆ ಇಳಿಸುತ್ತಿರಲಿಲ್ಲ. ಬಲಗಾಲಿನ ಹೆಬ್ಬೆರಳನ್ನು ಹೊಸ ಚಪ್ಪಲಿ ಕಚ್ಚಿತ್ತು. ದೀಪಾವಳಿಗೆ ಕಚ್ಚಿದ್ದು, ಸಂಕ್ರಾಂತಿಯಾದರೂ ಆ ಗಾಯ ಮಾಯಲಿಲ್ಲ.

ಇದನ್ನೆಲ್ಲ ಕೂಡಿಸಿ ನೋಡಿದವಳು ಮರುಳಸಿದ್ದಮ್ಮ. ಅವಳಿಗೆ ಸುಳಿವು ಕೊಟ್ಟದ್ದು ಇರುವೆಗಳು.

"ಏನ್ರೀ, ಬಚ್ಚಲ ಕಲ್ಲಿನ ಮ್ಯಾಲ ಇರುವಿ ಸಾಲು ನೋಡೀರೇನ್ರೀ?"

"ಇರುವಿ ಎಲ್ಲಾ ಕಡಿ ಇರತಾವ."

"ನೀವು ಹೋಗಿ ಬಂದ ಮ್ಯಾಲ ಬರತಾವ. ನಾ ಹೋಗಿ ಬಂದ್ರ ಒಂದೂ ಬರಂಗಿಲ್ಲ."

ಹಾಲಸ್ವಾಮಿಗೆ ಇದರಲ್ಲಿ ಹೆಮ್ಮೆಯ ವಿಷಯವೇ ಕಂಡಿತು. "ನೋಡು ಮತ್ತ. ದಲಾಲಿ ಯಾರು ಅಂತ ಇರುವಿಗೂ ಗೊತ್ತೈತಿ."

ಮರುಳಸಿದ್ದಮ್ಮ ನಗಲಿಲ್ಲ. ಮರುದಿನ ಜಟಕಾ ಕರೆಸಿ, ಗಂಡನನ್ನು ಮುಂದುಗಡೆ ಕೂರಿಸಿಕೊಂಡು, ಕಮಲಾಕರ ರಾಯರ ದವಾಖಾನೆಗೆ ಹೋದಳು.

ಕಮಲಾಕರ ರಾಯರು ಮದರಾಸಿನಲ್ಲಿ ಓದಿ ಬಂದ ಡಾಕ್ಟರು. ಒಂದು ಕೊಡೆಗೆ ಕೋಟು ತೊಡಿಸಿದಂತಿದ್ದರು. ಕಾಲಿನ ಗಾಯ ನೋಡಿದರು, ಇರುವೆಯ ಕಥೆ ಕೇಳಿದರು, ಹಾಲಸ್ವಾಮಿಯ ಕೈಗೆ ಒಂದು ಸೀಸೆ ಕೊಟ್ಟು ಹಿತ್ತಲಿಗೆ ಕಳಿಸಿದರು. ಅವನು ತಂದುಕೊಟ್ಟದ್ದರಲ್ಲಿ ಕೆಲವು ಹನಿಯನ್ನು ಗಾಜಿನ ನಳಿಗೆಯಲ್ಲಿದ್ದ ನೀಲಿ ಮದ್ದಿಗೆ ಬಿಟ್ಟು, ಸ್ಪಿರಿಟ್ಟಿನ ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು. ಹಸಿರು ಹಳದಿಯಾಯಿತು. ಹಳದಿ ಹೋಗಿ, ಕೊನೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಹಾಲಸ್ವಾಮಿ ಕುರ್ಚಿಯಿಂದ ಮುಂದಕ್ಕೆ ಬಾಗಿದ. ಕೊಪ್ಪರಿಗೆಯ ಮುಂದೆ ಬೆಳೆದ ಕಣ್ಣು ಅವನದು.

"ಪಾಕ ಮಸ್ತ್ ಬಂದೈತಿ ಡಾಕ್ಟ್ರ! ಏನು ಬಣ್ಣ! ಇದು ಒಂದನೇ ದರ್ಜೆ."

"ಸ್ವಾಮ್ಯಾರ, ಇದು ನಿಮ್ಮ ಮೂತ್ರ."

ಹಾಲಸ್ವಾಮಿ ಹಿಂದಕ್ಕೆ ಸರಿದು ಕೂತ.

"ಇಷ್ಟು ಕೆಂಪು ಆಗಬಾರದು," ಎಂದರು ರಾಯರು. "ಸಕ್ಕರಿ ರೋಗ ಅದ ನಿಮಗ. ಮೈಯಾಗ ಹಿಡಿಸಲಾರದಷ್ಟು ಸಕ್ಕರಿ ರಕ್ತದಾಗ ತುಂಬಿ ಹೊರಗ ಹರೀಲಿಕ್ಕತ್ತದ. ಅದಕ್ಕ ಬಾಯಾರಿಕಿ, ಅದಕ್ಕ ಗಾಯ ಮಾಯವಲ್ದು. ಮತ್ತ ಈ ಮೈ ನೋಡ್ರಿ. ಇಬ್ಬರ ಮೈಯನ್ನ ಒಬ್ಬರ ಹೃದಯ ಎಷ್ಟು ವರ್ಷ ಜಗ್ಗೀತು? ಮೊಣಕಾಲು ಈಗೇ ಅಳಲಿಕ್ಕತ್ತಾವ. ದಿನಕ್ಕ ಬೆಲ್ಲ ಎಷ್ಟು ತಿಂತೀರಿ?"

"ತಿನ್ನಂಗಿಲ್ರಿ."

ಮರುಳಸಿದ್ದಮ್ಮ ಕೆಮ್ಮಿದಳು.

"ಬರೇ ನೋಡ್ತೀನ್ರಿ," ಎಂದ ಹಾಲಸ್ವಾಮಿ.

"ಯಾತರಿಂದ ನೋಡ್ತೀರಿ?"

"ನಾಲಿಗಿಂದ."

ರಾಯರು ನಳಿಗೆಯನ್ನು ಕೆಳಗಿಟ್ಟರು. "ಕೇಳ್ರಿ. ಸೂಜಿಮದ್ದು ಬೇಕಾದ್ರ ಮದರಾಸಿನಿಂದ ತರಸೋಣು. ಆದ್ರ ನೀವು ಒಂದು ಕಡಿಂದ ಸುರೀತಿದ್ರ ನಾ ಇನ್ನೊಂದು ಕಡಿಂದ ತೋಡಿ ಏನು ಸುಖ? ಅನ್ನ ಕಡಿಮಿ ಮಾಡ್ರಿ, ರೊಟ್ಟಿ ಪಲ್ಯ ಉಣ್ರಿ, ಜಟಕಾ ಬಿಟ್ಟು ನಡೀರಿ. ಬೆಲ್ಲ ನಿಲ್ಲಬೇಕು. ಇಲ್ಲಂದ್ರ ಈ ಹೆಬ್ಬೆರಳು ಕಪ್ಪಾಗ್ತದ, ಬಳ್ಳಾರಿಗೆ ಕರಕೊಂಡು ಹೋಗಿ ತೆಗಸಬೇಕಾಗ್ತದ. ಮುಂದ ಅದು ಬೆರಳಿಗೇ ನಿಲ್ಲೋದಿಲ್ಲ."

"ಬೆಲ್ಲ ನೋಡೂದು ನನ್ನ ಅನ್ನ, ಡಾಕ್ಟ್ರ."

"ನೋಡ್ರಿ, ಯಾರು ಬ್ಯಾಡಂದ್ರು? ನೋಡಿ ಉಗುಳ್ರಿ."

ಉಗುಳುವುದೆಂದರೆ ಏನೆಂದು ಈ ಮದರಾಸಿನ ವಿದ್ಯೆಗೆ ಯಾರು ಬಿಡಿಸಿ ಹೇಳಬೇಕು? ನುಂಗಿದರೆ ಕಾಲು ಹೋಗುತ್ತದೆ. ಉಗುಳಿದರೆ ಗಾದಿ ಹೋಗುತ್ತದೆ. ಹಾಲಸ್ವಾಮಿ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಎಷ್ಟೋ ವರ್ಷಗಳಿಂದ ಹೊಟ್ಟೆ ಅಡ್ಡ ಬಂದು ಅವರಿಬ್ಬರ ಭೇಟಿ ಸರಿಯಾಗಿ ಆಗಿರಲಿಲ್ಲ. ಇಣುಕಿ ನೋಡಬೇಕಾಯಿತು.

ದವಾಖಾನೆಯಲ್ಲಿ ಮನುಷ್ಯರನ್ನು ತೂಗುವ ಯಂತ್ರವಿರಲಿಲ್ಲ. ಆದ್ದರಿಂದ ಮರುದಿನ ಬೆಳಿಗ್ಗೆ ರಾಯರೇ ಮಂಡಿಗೆ ಬಂದು, ಹಾಲಸ್ವಾಮಿಯನ್ನು ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿದರು. ಇನ್ನೊಂದು ತಟ್ಟೆಗೆ ಹಮಾಲರು ಬೆಲ್ಲದ ಪೆಂಟಿ ಹಾಕತೊಡಗಿದರು. ಹಾಕುತ್ತಲೇ ಇದ್ದರು. ಹಾಲಸ್ವಾಮಿ ನೆಲ ಬಿಡಲಿಲ್ಲ. ಬಂಡಿಯವರು ಎತ್ತು ಬಿಟ್ಟು ನೋಡಲು ಬಂದರು.

"ಯಾವ ದೇವರಿಗ್ರೀ ಈ ತುಲಾಭಾರ?" ಎಂದು ಕೂಗಿದವನು ಕಂಪ್ಲಿಯ ಎರ್ರಿಯಪ್ಪ. ಹಾಲಸ್ವಾಮಿಯಿಂದ ವರ್ಷಾನುಗಟ್ಟಲೆ "ಒಂದು" ಬಿಟ್ಟು ಬೇರೆ ಮಾತು ಕೇಳದ ರೈತ ಅವನು.

"ದೇವರಿಗಲ್ಲಪಾ, ಇವರ ಹೆಬ್ಬೆರಳಿಗೆ," ಎಂದರು ರಾಯರು. ಅಂತೂ ತಕ್ಕಡಿ ಏಳುವ ಹೊತ್ತಿಗೆ ಎದುರಿನ ಪೆಂಟಿಗಳ ರಾಶಿ ಮದುವೆಮನೆಯ ಉಗ್ರಾಣದಂತಿತ್ತು. "ಪ್ರತಿ ಹುಣ್ಣಿವಿಗೆ ತೂಗೋಣು. ಒಂದೊಂದಾಗಿ ಪೆಂಟಿ ಇಳೀಬೇಕು ನೋಡ್ರಿ," ಎಂದು ಹೇಳಿ ರಾಯರು ಹೊರಟುಹೋದರು.

ಆ ದಿನದ ಮೊದಲ ಬೆಲ್ಲ ಎರ್ರಿಯಪ್ಪನದೇ. ಹಾಲಸ್ವಾಮಿ ತುಂಡು ಬಾಯಿಗೆ ಹಾಕಿದ, ಕಣ್ಣು ಮುಚ್ಚಿದ, ನಾಲಿಗೆ ತಿರುವಿದ. ಎಂದಿನಂತೆ ಮೇಲಾದ ಬೆಲ್ಲ. ಹೆಬ್ಬೆರಳನ್ನು ನೆನೆಸಿಕೊಂಡ. ಆಮೇಲೆ ಮೆಲ್ಲಗೆ, ಯಾರಿಗೂ ನೋವಾಗದ ಹಾಗೆ, ಪಕ್ಕದ ಹಿತ್ತಾಳೆ ಪೀಕದಾನಿಗೆ ಉಗುಳಿದ.

ಆದವಾನಿಯಿಂದ ಬಂದಿದ್ದ ಖರೀದಿದಾರ ಎರ್ರಿಯಪ್ಪನ ಪೆಂಟಿಯ ಮೇಲಿಟ್ಟಿದ್ದ ಕೈಯನ್ನು ಬಿಸಿ ತಾಗಿದವನಂತೆ ತೆಗೆದ.

"ಸ್ವಾಮ್ಯಾರ, ನನ್ನ ಬೆಲ್ಲ ಉಗುಳಿದ್ರಿ?"

"ಬೆಲ್ಲ ಮಸ್ತ್ ಐತಿ, ಎರ್ರಿಯಪ್ಪ."

"ಮಸ್ತ್ ಇದ್ರ ಯಾಕ ಉಗುಳಿದ್ರಿ?"

"ಡಾಕ್ಟ್ರು ಉಗುಳು ಅಂದಾರ."

"ಡಾಕ್ಟ್ರು ನನ್ನ ಬೆಲ್ಲ ಯಾವಾಗ ತಿಂದ್ರು?" ಎರ್ರಿಯಪ್ಪ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡ. "ನಮ್ಮಪ್ಪನ ಬೆಲ್ಲ ನಿಮ್ಮಪ್ಪ ಉಗುಳಿರಲಿಲ್ಲ. ಕಂಪ್ಲಿಗೆ ಹೋಗಿ ಯಾವ ಮುಖ ತೋರಸ್ಲಿ ನಾನು?"

ಹಾಲಸ್ವಾಮಿ ಪೆಂಟಿಗೆ ಮತ್ತೆ ಕೈಹಾಕಿದ. ಇನ್ನೊಂದು ತುಂಡು ತೆಗೆದ, ಮೊದಲಿನದಕ್ಕಿಂತ ದೊಡ್ಡದು. ಎಲ್ಲರಿಗೂ ಕಾಣುವಂತೆ ನುಂಗಿ, "ಒಂದು!" ಎಂದು ಘೋಷಿಸಿದ. ಆದವಾನಿಯವನ ಕೈ ಪೆಂಟಿಯ ಮೇಲೆ ಮರಳಿ ಬಂತು. ಆದರೆ ಈಗ ಸಾಲಿನಲ್ಲಿದ್ದವರೆಲ್ಲರಿಗೂ ಸಂಶಯ ಹಿಡಿಯಿತು. "ನನ್ನದೂ ಎರಡು ತುಂಡು ನುಂಗ್ರಿ", "ನನ್ನದು ಕಣ್ಣು ಬಿಟ್ಟು ನುಂಗ್ರಿ, ನಾ ನೋಡ್ಬೇಕು" ಎಂದು ಪಟ್ಟು ಹಿಡಿದರು. ಹೀಗಾಗಿ, ಬೆಲ್ಲ ಬಿಡಬೇಕೆಂದು ನಿಶ್ಚಯಿಸಿದ ದಿನ ಹಾಲಸ್ವಾಮಿ ತಿಂದಷ್ಟು ಬೆಲ್ಲವನ್ನು ತನ್ನ ಆಯುಸ್ಸಿನಲ್ಲಿ ಬೇರೆ ಯಾವ ದಿನವೂ ತಿಂದಿರಲಿಲ್ಲ.

ಮನೆಯಲ್ಲಿ ಮರುಳಸಿದ್ದಮ್ಮನ ಆಳ್ವಿಕೆ ಶುರುವಾಗಿತ್ತು. ಅನ್ನದ ಗುಡ್ಡೆ ಹೋಗಿ ಜೋಳದ ರೊಟ್ಟಿ ಬಂತು. ಪುಂಡಿಪಲ್ಯ, ಮೊಳಕೆ ಬಂದ ಮಡಿಕೆಕಾಳು, ನೀರು ಮಜ್ಜಿಗೆ. ತುಪ್ಪದ ಗಡಿಗೆ ಎಲ್ಲಿದೆ ಎಂಬುದು ಆ ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ರೊಟ್ಟಿ ಬಡಿಯುವ ಸದ್ದು ನಿಂತ ಮೇಲೆ ಇನ್ನೊಂದು ಕೇಳುವ ಧೈರ್ಯ ಹಾಲಸ್ವಾಮಿಗಿರಲಿಲ್ಲ. ಮಂಡಿಗೆ ನಡೆದೇ ಹೋಗಬೇಕು. ಜಟಕಾದವನು ಪಕ್ಕದಲ್ಲೇ ಗಾಡಿ ನಿಧಾನ ಮಾಡಿ, "ಸ್ವಾಮ್ಯಾರ, ಕುದ್ರಿ ನಿಮ್ಮನ್ನ ಭಾಳ ನೆನಸ್ತೈತ್ರೀ" ಎಂದು ನಗುತ್ತಿದ್ದ. ಚಹಾದ ಮಾತನ್ನು ಮಾತ್ರ ಡಾಕ್ಟರು ಎತ್ತಿರಲಿಲ್ಲ, ಆದ್ದರಿಂದ ಹಾಲಸ್ವಾಮಿಯೂ ಎತ್ತಲಿಲ್ಲ.

ಇಷ್ಟಾದರೂ ಮಂಡಿಯ ಬೆಲ್ಲ ನಡೆದೇ ಇತ್ತು. ಮುಂದಿನ ಹುಣ್ಣಿಮೆಗೆ ಒಂದು ಪೆಂಟಿಯೂ ಇಳಿಯಲಿಲ್ಲ. ಹೆಬ್ಬೆರಳಿನ ಅಂಚು ಕಂದತೊಡಗಿತ್ತು. ರಾಯರು ಅದನ್ನು ನೋಡಿ ಕನ್ನಡಕ ಒರೆಸಿಕೊಂಡರು. ಬಯ್ದಿದ್ದರೆ ಮರುಳಸಿದ್ದಮ್ಮನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಆ ವಾರ ಬಂಡ್ರಿಯ ತಾಯಕ್ಕ ಸೌದೆ ಮಾರಲು ಬಂದಳು. ಸಂಡೂರಿನ ಗುಡ್ಡದಿಂದ ಸೌದೆಯ ಜೊತೆಗೆ ಸೊಪ್ಪು, ಬೇರು, ಕಾಯಿ ತರುವವಳು. ಕಟ್ಟೆಯ ಮೇಲೆ ಕೂತು ಮರುಳಸಿದ್ದಮ್ಮ ಗಂಡನ ಕಥೆಯನ್ನೆಲ್ಲ ತೋಡಿಕೊಂಡಳು. ತಾಯಕ್ಕ ಹೊರೆಯಿಂದ ಒಂದು ಬಳ್ಳಿ ಎಳೆದು ಕೊಟ್ಟಳು.

"ಮಧುನಾಶಿನಿ ಅಂತಾರಬೇ. ನಮ್ಮ ಕಡಿ ಸಕ್ಕರಿ ಬ್ಯಾನಿಗೆ ಇದನ್ನ ಅಗೀತಾರ. ಬರೇ ಹೊಟ್ಟಿಲೆ ಎರಡು ಎಲಿ ಅಗಿಸು."

ಯಾಕೆ ಅಗಿಯುತ್ತಾರೆ, ಅಗಿದರೆ ಏನಾಗುತ್ತದೆ ಎಂದು ಅವಳೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಮರುದಿನ ಹಾಲಸ್ವಾಮಿ ಪೇಟ ಸುತ್ತಿಕೊಂಡು ಹೊರಡುವ ಹೊತ್ತಿಗೆ ಮರುಳಸಿದ್ದಮ್ಮ ಬಾಗಿಲಿಗೆ ಅಡ್ಡ ನಿಂತು, ಎಲೆ ಅಗಿಸಿ, ಬಾಯಿ ತೆರೆಸಿ ನೋಡಿ, ದಾರಿ ಬಿಟ್ಟಳು.

ಮಂಡಿಯಲ್ಲಿ ಮೊದಲ ತುಂಡು ಬಾಯಿಗೆ ಬಿದ್ದಾಗ ಹಾಲಸ್ವಾಮಿ ತಿರುವುತ್ತಿದ್ದ ನಾಲಿಗೆಯನ್ನು ಅಲ್ಲೇ ನಿಲ್ಲಿಸಿದ. ಬಾಯಲ್ಲಿದ್ದದ್ದು ಬೆಲ್ಲವಲ್ಲ, ಮಣ್ಣು. ಹೊಳೆದಂಡೆಯ ಮರಳು ಕಲಸಿದ ಮಣ್ಣು. ಕಣ್ಣು ಮುಚ್ಚಿಯೇ ಇದ್ದ. ತೆರೆದರೆ ಹೆದರಿಕೆ ಹೊರಗೆ ಬಂದೀತು. ಕಾಲು ಹೋದೀತೆಂದು ಡಾಕ್ಟರು ಹೇಳಿದ್ದರು. ನಾಲಿಗೆ ಮೊದಲು ಹೋಗುತ್ತದೆಂದು ಯಾರೂ ಹೇಳಿರಲಿಲ್ಲ. ಬಣ್ಣ ನೆನಪು ಮಾಡಿಕೊಂಡು, ಮುರಿದ ಸದ್ದು ನೆನಪು ಮಾಡಿಕೊಂಡು, ದೇವರ ಮೇಲೆ ಭಾರ ಹಾಕಿ, "ಒಂದು" ಎಂದ. ರೈತ ನಕ್ಕ. ಸದ್ಯ ಪಾರು.

ಎರಡನೆಯದು ಕಮಲಾಪುರದ ಕಡೆಯ ಬೆಲ್ಲ. ಬಂಗಾರದ ಬಣ್ಣ. ನೋಡಿದವರೆಲ್ಲ ಆಗಲೇ "ಒಂದು" ಅಂದುಕೊಂಡಿದ್ದರು. ಹಾಲಸ್ವಾಮಿ ಬಾಯಿಗಿಟ್ಟ. ಮತ್ತೆ ಮಣ್ಣು, ಆದರೆ ಆ ಮಣ್ಣಿನೊಳಗೆ ಏನೋ ಒಂದು ಚುರುಕ್ಕೆಂದಿತು. ನಾಲಿಗೆ ತಿರುವಿದ. ಉಪ್ಪು! ಬೆಳಗಿನ ಬಾವಿನೀರಿನ ಹಾಗೆ ನಿಚ್ಚಳವಾದ ಉಪ್ಪು. ಇಷ್ಟು ವರ್ಷ ಸಿಹಿಯ ಸೆರಗಿನ ಮರೆಯಲ್ಲಿ ನಿಂತಿದ್ದದ್ದು ಈಗ ನಡುಬೀದಿಗೆ ಬಂದು ನಿಂತಿತ್ತು.

"ಎರಡು."

"ಇಂಥಾ ಬಂಗಾರದಂಥಾ ಬೆಲ್ಲಕ್ಕ ಎರಡೇನ್ರೀ?" ಎಂದು ರೈತ ಹೌಹಾರಿದ.

"ಒಂದು ಚೂರು ತಿನ್ನು, ನೀರು ಕುಡಿ, ಆಮ್ಯಾಲ ನಾಲಿಗಿ ತುದಿ ಕೇಳು," ಎಂದ ಹಾಲಸ್ವಾಮಿ. ರೈತ ತಿಂದ, ನೀರು ಕುಡಿದ, ತಲೆ ಕೆರೆದುಕೊಂಡ. ಆ ವರ್ಷ ಅವನ ಹೊಲದ ತಗ್ಗಿನಲ್ಲಿ ಕಾಲುವೆ ನೀರು ನಿಂತು ಸವಳು ಎದ್ದಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮಂಡಿಯಲ್ಲಿ ಮೆಚ್ಚುಗೆಯ ಗುಸುಗುಸು ಹಬ್ಬಿತು.

ಅಂದು ಇನ್ನೊಂದು ಸಂಗತಿ ನಡೆದದ್ದನ್ನು ಹಾಲಸ್ವಾಮಿಯೊಬ್ಬನೇ ಗಮನಿಸಿದ. ಒಂದು ತುಂಡು ನೋಡಿದ ಮೇಲೆ "ಖಾತ್ರಿಗೆ" ಎಂದು ಇನ್ನೊಂದು ತುಂಡು ಎತ್ತಿಕೊಳ್ಳುವುದು ಅವನ ರೂಢಿ. ಅಂದು ಖಾತ್ರಿ ಬೇಕೆನಿಸಲೇ ಇಲ್ಲ. ಮಣ್ಣನ್ನು ಎರಡನೆಯ ಸಲ ಯಾರು ತಿನ್ನುತ್ತಾರೆ? ನಾಲ್ಕಾರು ರೈತರಾದ ಮೇಲೆ ಅವನು ಹೆಬ್ಬೆರಳಿನ ಗಾತ್ರ ಬಿಟ್ಟು ಕಡಲೆಕಾಳಿನ ಗಾತ್ರಕ್ಕಿಳಿದಿದ್ದ. ಉಪ್ಪು ಹುಳಿ ತಿಳಿಯಲಿಕ್ಕೆ ಅಷ್ಟು ಧಾರಾಳವಾಗಿ ಸಾಕಿತ್ತು.

ಮಧ್ಯಾಹ್ನದ ಹೊತ್ತಿಗೆ ನಾಲಿಗೆಗೆ ಸಿಹಿ ಮರಳಿ ಬಂತು. ಹಾಲಸ್ವಾಮಿ ನೇರ ದವಾಖಾನೆಗೆ ನಡೆದ. ರಾಯರು ಎಲೆಯನ್ನು ತಿರುಗಿಸಿ ನೋಡಿ, ತಾವೇ ಅಗಿದು, ಸಕ್ಕರೆ ಡಬ್ಬಿಯಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಆ ಕೊಡೆಯಂಥ ಮುಖ ಪೂರ್ತಿ ಮಡಿಚಿಕೊಂಡಿತು.

"ಖರೇನ ಮರಳು! ಓದಿದ್ದೆ, ನೋಡಿರಲಿಲ್ಲ. ಸ್ವಲ್ಪ ಹೊತ್ತು ಸಿಹಿ ಒಂದನ್ನ ಮುಚ್ಚಿಡ್ತದ ಇದು. ಆದ್ರ ಸ್ವಾಮ್ಯಾರ, ಇದರಿಂದ ರೋಗ ಹೋತು ಅಂತ ಕುಣೀಬ್ಯಾಡ್ರಿ. ಇದು ನಿಮ್ಮ ನಾಲಿಗಿಗೆ ಮೋಸ ಮಾಡ್ತದ, ಅಷ್ಟ. ನಿಮ್ಮ ನಾಲಿಗಿ ಇಷ್ಟು ವರ್ಷ ನಿಮಗ ಮಾಡಿದ ಮೋಸಕ್ಕ ಒಂದಿಷ್ಟು ತೀರಿಸಿದಂಗಾತು. ರೊಟ್ಟಿ, ನಡಿಗಿ ಎರಡೂ ಬಿಡಬ್ಯಾಡ್ರಿ."

ಅಂದಿನಿಂದ ಹಾಲಸ್ವಾಮಿಯ ಎಲೆಯಡಿಕೆ ಸಂಚಿಯಲ್ಲಿ ಮಧುನಾಶಿನಿಗೂ ಜಾಗವಾಯಿತು. ತುಂಡು ಸಣ್ಣದಾಯಿತೆಂದು ರೈತರು ಗೊಣಗಿದಾಗ ಹಲ್ಲುನೋವು ಎಂದ. ಹುಣ್ಣಿಮೆ ಹುಣ್ಣಿಮೆಗೆ ಪೆಂಟಿ ಇಳಿಯತೊಡಗಿತು. ಕಂದಿದ್ದ ಬೆರಳಿನಂಚು ಕೆಂಪಾಯಿತು, ಗಾಯ ಒಣಗತೊಡಗಿತು. ಹೊರಗಿನಿಂದ ನೋಡುವವರಿಗೆ ಎಲ್ಲವೂ ನೆಟ್ಟಗಿತ್ತು. ಒಳಗೆ ಮಾತ್ರ ಒಂದು ಅಂಜಿಕೆ ಕೂತಿತ್ತು. ಹೊಸಪೇಟೆಯ ಬೆಲ್ಲಕ್ಕೆ ದರ್ಜೆ ಕಟ್ಟುವವನಿಗೆ ಸಿಹಿಯೇ ತಿಳಿಯುವುದಿಲ್ಲ ಎಂದು ಗೊತ್ತಾದರೆ? ಉಗುಳಿದ್ದಕ್ಕೆ ಅಷ್ಟು ರಂಪ ಮಾಡಿದವರು ಇದಕ್ಕೆ ಗಾದಿಯನ್ನೇ ಬೀದಿಗೆ ಎಸೆದಾರು.

ಗುಟ್ಟು ಬಯಲಾದದ್ದು ಚಹಾದಿಂದ.

ಒಂದು ಬೆಳಿಗ್ಗೆ ಚನ್ನಯ್ಯ ಎಂದಿನಂತೆ ಮಂಡಿಗೆಲ್ಲ ಚಹಾ ತಂದು ಕೊಟ್ಟ. ಹಾಲಸ್ವಾಮಿ ಒಂದು ಗುಟುಕು ಕುಡಿದು, ದಿನವೂ ಹೇಳುವ ಮಾತನ್ನು ಅಂದೂ ಹೇಳಿದ: "ವಾ! ಇವತ್ತ ಮಸ್ತ್ ಆಗೈತಿ ನೋಡು ಚನ್ನಯ್ಯ!"

ಅಷ್ಟರಲ್ಲಿ ಎರ್ರಿಯಪ್ಪ ತನ್ನ ಬಾಯಲ್ಲಿದ್ದದ್ದನ್ನು ನೆಲಕ್ಕೆ ಉಗಿದ. "ಥೂ! ಏನಲೇ ಚನ್ನಯ್ಯಾ, ಸಕ್ಕರಿ ಯಾರ ಅಪ್ಪ ಹಾಕ್ತಾನ?"

ಚನ್ನಯ್ಯ ಹಣೆ ಬಡಿದುಕೊಂಡ. ಎಲ್ಲರೂ ಬಟ್ಟಲು ಕೆಳಗಿಟ್ಟಿದ್ದರು. ಹಾಲಸ್ವಾಮಿಯೊಬ್ಬ ಎರಡನೆಯ ಗುಟುಕು ಎಳೆದು ಮುಗಿಸಿದ್ದ. ಮಂಡಿಯ ಕಣ್ಣೆಲ್ಲ ಅವನತ್ತ ತಿರುಗಿದವು.

"ಸ್ವಾಮ್ಯಾರ," ಎಂದು ಎರ್ರಿಯಪ್ಪ ಎದ್ದು ಬಂದ, "ನಾಲಿಗಿ ಚಾಚ್ರಿ."

"ಯಾಕಪಾ?"

"ಚಾಚ್ರಿ ಅಂದ್ರ ಚಾಚ್ರಿ."

ಅಷ್ಟು ಜನರ ಮುಂದೆ ಹಾಲಸ್ವಾಮಿ ನಾಲಿಗೆ ಚಾಚಿದ. ಅದು ಗಿಳಿಯ ರೆಕ್ಕೆಯಂತೆ ಹಸಿರಾಗಿತ್ತು.

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಸಂಚಿ ಬಿಚ್ಚಿ ಎಲೆ ತೆಗೆದು ಗಾದಿಯ ಮೇಲಿಟ್ಟ. ಸಕ್ಕರೆ ರೋಗ, ಹೆಬ್ಬೆರಳು, ಬಳ್ಳಾರಿ, ಎಲ್ಲ ಹೇಳಿದ. "ನುಂಗಿದ್ರ ಕಾಲು ಹೋಗ್ತೈತಿ, ಉಗುಳಿದ್ರ ನೀವು ಅಳ್ತೀರಿ. ನಾ ಏನು ಮಾಡ್ಲಿ?"

"ಸಿಹಿ ತಿಳೀಲಾರದ ನಾಲಿಗಿ ಬೆಲ್ಲಕ್ಕ ದರ್ಜೆ ಕಟ್ಟಾಕತ್ತಿತ್ತೇನು ಇಷ್ಟು ದಿನಾ?" ಎಂದು ಯಾರೋ ಕೂಗಿದರು. ಗದ್ದಲ ಎದ್ದಿತು. ಎರ್ರಿಯಪ್ಪ ಒಂದು ಎಲೆ ಎತ್ತಿ ಬಾಯಿಗೆ ಹಾಕಿಕೊಂಡ. ಅವನನ್ನು ನೋಡಿ ಇನ್ನೊಬ್ಬ, ಅವನನ್ನು ನೋಡಿ ಮತ್ತೊಬ್ಬ. ತುಸು ಹೊತ್ತಿನಲ್ಲಿ ಮಂಡಿಗೆ ಮಂಡಿಯೇ ದನದ ಕೊಟ್ಟಿಗೆಯಂತೆ ಮೆಲುಕು ಹಾಕುತ್ತಿತ್ತು. ಆಮೇಲೆ ಎಲ್ಲರೂ ಬೆಲ್ಲಕ್ಕೆ ಕೈಹಾಕಿದರು.

"ಅಯ್ಯಯ್ಯ! ಮಣ್ಣು!"

"ನಿನ್ನದ್ರಾಗ ಉಪ್ಪು ಐತಲ್ಲೋ!"

"ನಿನ್ನದು ಹುಳಿ ಹೊಡಿತೈತಿ, ನನ್ನದೇನು ಹೇಳ್ತಿ?"

ಎಲ್ಲರ ನಾಲಿಗೆಗೂ ಪಕ್ಕದವನ ಬೆಲ್ಲದಲ್ಲಿ ಉಪ್ಪೋ ಹುಳಿಯೋ ಸಿಕ್ಕಿತು. ತಮ್ಮ ತಮ್ಮ ಬೆಲ್ಲದಲ್ಲಿ ಯಾರಿಗೂ ಏನೂ ಸಿಗಲಿಲ್ಲ. ಎರ್ರಿಯಪ್ಪ ತನ್ನ ಪೆಂಟಿಯಿಂದ ಒಂದು ಚೂರು ಮುರಿದು ಎರಡು ಸಲ ನೋಡಿದ. ಅವನಿಗೂ ಏನೂ ಸಿಗಲಿಲ್ಲ. ಮೂರನೆಯ ಚೂರನ್ನು ಹಾಲಸ್ವಾಮಿಯ ಅಂಗೈಗಿಟ್ಟ.

"ನೀವು ಹೇಳ್ರಿ."

ಹಾಲಸ್ವಾಮಿ ಕಣ್ಣು ಮುಚ್ಚಿದ. ಗದ್ದಲ ನಿಂತಿತು. ಹಿಂದೊಮ್ಮೆ ಈ ಬೆಲ್ಲ ಉಗುಳಿ ಪಟ್ಟ ಪಾಡು ನೆನಪಾಯಿತು. ಈಗ ಹೇಳಬೇಕಾದದ್ದೂ ಚೆನ್ನಾಗಿರಲಿಲ್ಲ. "ಒಂದು" ಎಂದುಬಿಟ್ಟರೆ ಎರ್ರಿಯಪ್ಪ ತನ್ನ ಕಡೆ ನಿಲ್ಲುತ್ತಾನೆ, ಗಾದಿ ಉಳಿಯುತ್ತದೆ. ಆದರೆ ನಾಲಿಗೆಯಂಚಿನಲ್ಲಿ ಒಂದು ಸಣ್ಣ ಕಹಿ ಕೂತಿತ್ತು, ಎಷ್ಟು ನೂಕಿದರೂ ಏಳಲಿಲ್ಲ.

"ಎರಡು," ಎಂದ. "ತಳ ಹತ್ತೈತಿ, ಎರ್ರಿಯಪ್ಪ. ಕೊಪ್ಪರಿಗಿ ಮುಂದ ಯಾರೋ ನಿದ್ದಿ ಮಾಡ್ಯಾರ."

ಎರ್ರಿಯಪ್ಪ ಪೆಂಟಿಯನ್ನು ತಿರುವಿ ಮೂಸಿ ನೋಡಿದ. ಆಮೇಲೆ ಮೆಲ್ಲಗೆ, "ನಾನ," ಎಂದ. "ಸ್ವಲ್ಪ ಕಣ್ಣು ಹತ್ತಿತ್ತು. ಹೆಂಡ್ತಿಗೂ ಹೇಳಿಲ್ಲ."

ಮಂಡಿ ಬಿದ್ದು ಬಿದ್ದು ನಕ್ಕಿತು. ಎರ್ರಿಯಪ್ಪನೂ ನಕ್ಕು, ಗದ್ದಲ ಎಬ್ಬಿಸಿದವರ ಕಡೆ ತಿರುಗಿದ. "ಏನಲೇ ನಗ್ತೀರಿ? ಬೆಲ್ಲ ಸಿಹಿ ಐತಿ ಅಂತ ಹೇಳಾಕ ದಲಾಲಿ ಯಾಕ ಬೇಕು? ಅದನ್ನ ನಮ್ಮ ಎತ್ತೂ ಹೇಳ್ತಾವ. ಇದನ್ನ ಹೇಳಾಕ ಬೇಕು. ಸ್ವಾಮ್ಯಾರ, ನೀವು ಕಡ್ಲಿಕಾಳಷ್ಟ ತಿನ್ರಿ, ಎಲಿ ಬೇಕಾದ್ರ ಗಿಡಾನ ತಿನ್ರಿ. ಕುಂದ್ರಿ ಗಾದಿ ಮ್ಯಾಲ."

ಹಾಲಸ್ವಾಮಿ ಕೂತ. ಅಂದಿನಿಂದ ಹೆಬ್ಬೆರಳು ಗಾತ್ರದ ತುಂಡಿನ ಕಟ್ಟಳೆ ಹೋಗಿ ಕಡಲೆಕಾಳಿನ ಕಟ್ಟಳೆ ಬಂತು. ಚಹಾದ ವಿಷಯ ಊರೆಲ್ಲ ಸುತ್ತಿ ಮರುಳಸಿದ್ದಮ್ಮನ ಕಿವಿಗೂ ಬಿತ್ತು. ಚನ್ನಯ್ಯನಿಗೆ ಅವಳಿಂದ ಅಪ್ಪಣೆಯಾಗಿ, ಹಾಲಸ್ವಾಮಿಯ ಬಟ್ಟಲಿಗೆ ಒಮ್ಮೆ ಮರೆತ ಸಕ್ಕರೆ ಮತ್ತೆ ಬರಲೇ ಇಲ್ಲ.

ಗಾಯ ಪೂರ್ತಿ ಮಾಯ್ದ ತಿಂಗಳ ಹುಣ್ಣಿಮೆಗೆ ಹಮಾಲರು ತಕ್ಕಡಿಯಿಂದ ಮತ್ತೊಂದು ಪೆಂಟಿ ಇಳಿಸಿದರು. ರಾಯರು ಇಳಿದ ಪೆಂಟಿಗಳನ್ನೆಲ್ಲ ಪಕ್ಕದಲ್ಲಿ ಒಟ್ಟಿಸಿ, "ನೋಡ್ರಿ, ಇಷ್ಟು ನಿಮ್ಮೊಳಗಿತ್ತು," ಎಂದರು. ಹಾಲಸ್ವಾಮಿ ಆ ರಾಶಿಯನ್ನು ಬಹಳ ದಿನದ ಮೇಲೆ ಕಂಡ ನೆಂಟರನ್ನು ನೋಡುವಂತೆ ನೋಡಿದ. ಬಾಯಲ್ಲಿ ನೀರೂರಿತು. ಮರುಳಸಿದ್ದಮ್ಮ ಕೆಮ್ಮಿದಳು. ಅವನು ಬಗ್ಗಿ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಈಗ ಇಣುಕಬೇಕಾಗಿರಲಿಲ್ಲ.

ಅಂದು ಬಚ್ಚಲಿಗೆ ಹೋದಾಗ ಕಲ್ಲಿನ ಮೇಲೆ ಒಂದೂ ಇರುವೆ ಕಾಣಲಿಲ್ಲ. ಎಷ್ಟು ದಿನದಿಂದ ಹೀಗೆಯೋ, ಅವನು ಗಮನಿಸಿರಲಿಲ್ಲ. ಸಂತೋಷಪಡಬೇಕಾದ ವಿಷಯವೇ, ಆದರೂ ಯಾಕೋ ಪಿಚ್ಚೆನಿಸಿತು. ಪಾಪ, ತನ್ನನ್ನೇ ನಂಬಿಕೊಂಡು ಒಂದು ಸಂಸಾರ ನಡೆಸುತ್ತಿದ್ದವು. ಮಂಡಿಯಿಂದ ಅಂಗಿಯ ಜೇಬಿಗೆ ಬಂದಿದ್ದ ಕಡಲೆಕಾಳಿನಷ್ಟು ಬೆಲ್ಲವನ್ನು ಆ ಕಲ್ಲಿನ ಮೂಲೆಯಲ್ಲಿಟ್ಟು ಬಂದ.

ಬೆಳಗಾಗುವುದೇ ತಡ, ಬಚ್ಚಲಿನಿಂದ ಮರುಳಸಿದ್ದಮ್ಮನ ಕೂಗು ಕೇಳಿತು. "ಏನ್ರೀ! ಮತ್ತ ಬಂದಾವ್ರೀ! ಜಲ್ದಿ ಏಳ್ರಿ, ಡಾಕ್ಟ್ರ ಹತ್ರ ನಡೀರಿ!"

"ಅದು ನಾ ಅಲ್ಲ, ಬೆಲ್ಲ!" ಎಂದು ಹಾಲಸ್ವಾಮಿ ಹಾಸಿಗೆಯಿಂದಲೇ ಕೂಗಿದ.

"ಬೆಲ್ಲ ನಿಮ್ಮ ಕೈಯಾಗ ಎಲ್ಲಿಂದ ಬಂತು?" ಎಂದು ಒಳಗಿನಿಂದ ಪ್ರಶ್ನೆ ಬಂತು. ಹಾಲಸ್ವಾಮಿ ಮುಖ ತೊಳೆದು, ಪೇಟ ಸುತ್ತಿಕೊಂಡು, ಖಾಲಿ ಸೀಸೆ ಹಿಡಿದು, ದವಾಖಾನೆಯ ಕಡೆ ನಡೆದೇ ಹೊರಟ.